ಕಿವಿಯ ಮುಂದಿನ ಕೀಲು

11 ಫೆಬ್ರವರಿ 1991

ಪುಸ್ತಕ ಓದಿ ಟೇಪು ಮಾಡಿಕೊಡುವ ಮೇಡಂ ಅವರಿಗೆ ನಮಸ್ಕಾರ.

ನಾನು ಫಿಸಿಯೋಥೆರಪಿ ಕಲಿಯುತ್ತಿರುವವನು. ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ನಮ್ಮ ಅಂಗರಚನೆಯ ಪುಸ್ತಕ ಒಂಬೈನೂರು ಪುಟಗಳ ಇಂಗ್ಲಿಷ್ ಪುಸ್ತಕ. ಬ್ರೈಲ್‌ನಲ್ಲಿ ಸಿಗುವುದಿಲ್ಲ. ನೀವು ಓದಿ ಕಳಿಸಿದ ಮೊದಲ ಆರು ಟೇಪು ಹೋದ ವಾರ ನಿಮ್ಮೂರಿನ ಗ್ರಂಥಾಲಯದಿಂದ ಬಂದವು. ಮೂರೇ ದಿನದಲ್ಲಿ ಎರಡೆರಡು ಸಲ ಕೇಳಿ ಮುಗಿಸಿದೆ. ಹಾಸ್ಟೆಲಿನ ಕೋಣೆಯ ಗೆಳೆಯ, "ಏನೋ, ಸಿನಿಮಾ ಹಾಡು ಕೇಳೋ ಹಾಗೆ ಮೂಳೆ ಕೇಳ್ತಿದ್ದೀಯ" ಎಂದು ರೇಗಿಸಿದ.

ನಿಮಗಿಂತ ಮೊದಲು ಓದುತ್ತಿದ್ದವರು ಒಬ್ಬ ನಿವೃತ್ತ ಗುಮಾಸ್ತರು. ಪುಟಕ್ಕೆ ಮೂರು ಸಲ ಕೆಮ್ಮುತ್ತಿದ್ದರು. ಕೆಮ್ಮು ಬಂದಾಗ ದಯವಿಟ್ಟು ಯಂತ್ರ ನಿಲ್ಲಿಸಿ ಎಂದು ಒಂದು ಪತ್ರ ಬರೆದೆ. ಅವರು ಓದುವುದನ್ನೇ ನಿಲ್ಲಿಸಿಬಿಟ್ಟರು. ನಾಲ್ಕು ತಿಂಗಳು ನನಗೆ ಪುಸ್ತಕವೇ ಇರಲಿಲ್ಲ. ಬಾಯಿ ಇದ್ದದ್ದಕ್ಕೆ ತೆತ್ತ ದಂಡ ಎಂದುಕೊಂಡೆ.

ನಿಮ್ಮ ಓದಿನಲ್ಲಿ ಒಂದೇ ಒಂದು ತಡವರಿಕೆ ಇಲ್ಲ. ನನಗೆ ನಿಮ್ಮ ದನಿಯೇ ಪುಸ್ತಕ. ಇದನ್ನು ಹೇಳಬೇಕೆನ್ನಿಸಿತು, ಅದಕ್ಕೇ ಈ ಪತ್ರ. ನಾನೇ ಟೈಪ್ ಮಾಡಿದ್ದೇನೆ. ನನ್ನ ಬೆರಳು ಬರೆದದ್ದನ್ನು ನಾನು ಓದಲಾರೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಟೇಪು ಕೇಳುವವ

 

24 ಫೆಬ್ರವರಿ 1991

ಟೇಪು ಕೇಳುವವರಿಗೆ ಆಶೀರ್ವಾದ. (ನನಗೆ ನಲವತ್ತೊಂದು, ಹಾಗಾಗಿ ಆಶೀರ್ವಾದ ಮಾಡುವ ಹಕ್ಕಿದೆ.)

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಹತ್ತೊಂಬತ್ತು ವರ್ಷದಿಂದ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು "ನಂಬರ್ ಹೇಳಿ" ಎನ್ನುತ್ತಿದ್ದೇನೆ. ದಿನಕ್ಕೆ ಮುನ್ನೂರು ಜನ ನನ್ನ ದನಿ ಕೇಳುತ್ತಾರೆ, ಒಬ್ಬರೂ ನನ್ನ ಮಾತು ಕೇಳುವುದಿಲ್ಲ. ನೀವು ಒಂದು ಮೂಳೆಯ ಪುಸ್ತಕವನ್ನು ಎರಡು ಸಲ ಕೇಳಿದಿರಿ ಎಂದಾಗ ನನಗೆ ಎಷ್ಟು ಹಿಗ್ಗಾಯಿತು ಎಂದರೆ, ಪಕ್ಕದ ಬೋರ್ಡಿನವಳಿಗೂ ಓದಿ ತೋರಿಸಿದೆ. "ಇನ್ನು ನಿನ್ನ ಹಿಡಿಯೋರಿಲ್ಲ ಬಿಡು" ಅಂದಳು.

ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಗ್ರಂಥಾಲಯದ ಹಿಂಬದಿಯ ಕೋಣೆಗೆ ಹೋಗುತ್ತೇನೆ. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದಾರೆ, ಹೊರಗಿನ ಸದ್ದು ಬರದಿರಲಿ ಎಂದು. ಒಂದು ಮೇಜು, ಒಂದು ಮೈಕು, ಗಾಜಿನ ಆಚೆ ಯಂತ್ರ ನೋಡಿಕೊಳ್ಳುವ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಟೇಪಣ್ಣ ಎನ್ನುತ್ತೇವೆ. ಮೊದಲ ದಿನವೇ ನಿಯಮ ಹೇಳಿದರು. "ಚಿತ್ರ ಇದ್ರೆ ಬಾಯಲ್ಲಿ ಹೇಳಿ. ಉಚ್ಚಾರ ಗೊತ್ತಿಲ್ಲದ ಪದ ಬಂದ್ರೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ನಾಚ್ಕೋಬೇಡಿ. ಏನನ್ನೂ ಬಿಡಬೇಡಿ." ಇದುವರೆಗೆ ಬಿಡಿಸಿ ಹೇಳುವ ಪ್ರಮೇಯ ನನಗೆ ಬಂದಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ಹೊಗಳಿ ಅಟ್ಟಕ್ಕೇರಿಸಿದ್ದೀರಿ. ಏಣಿ ಮಾತ್ರ ತೆಗೆಯಬೇಡಿ. ಮೇಡಂ ಗೀಡಂ ಬೇಡ, ಅಕ್ಕ ಎನ್ನಿ.

ಅಕ್ಕ

 

15 ಏಪ್ರಿಲ್ 1991

ಪ್ರೀತಿಯ ಅಕ್ಕನಿಗೆ,

ಹಾಗಾದರೆ ನೀವೂ ನನ್ನನ್ನು ನೀನು ಎನ್ನಬೇಕು. ನನಗೊಬ್ಬ ಅಣ್ಣ ಇದ್ದಾನೆ, ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅತ್ತಿಗೆ ಇದ್ದಾಳೆ. ಅಕ್ಕ ಇರಲಿಲ್ಲ, ಈಗ ಆದಳು.

ತಲೆ ಮತ್ತು ಕುತ್ತಿಗೆಯ ಟೇಪುಗಳು ಬಂದವು. ಹನ್ನೆರಡು, ಹದಿಮೂರು, ಹದಿನಾಲ್ಕು. ಹದಿನಾಲ್ಕನೆಯದನ್ನು ನಾಲ್ಕು ಸಲ ಕೇಳಿದೆ. ಅಕ್ಕಾ, ನಿಮಗೆ ಮೈ ಹುಷಾರಿಲ್ಲವೇ? ಆ ಟೇಪಿನಲ್ಲಿ ಅಲ್ಲಲ್ಲಿ ಕುರ್ಚಿ ಕಿರುಗುಟ್ಟುತ್ತದೆ, ನೀವೊಂದು ನಿಟ್ಟುಸಿರು ಬಿಡುತ್ತೀರಿ, ಆಮೇಲೆ ಓದು ಮುಂದಕ್ಕೆ ಹೋಗುತ್ತದೆ. ದಣಿದಿದ್ದರೆ ಓದಬೇಡಿ. ಒಂದು ವಾರ ತಡವಾದರೂ ಚಿಂತೆಯಿಲ್ಲ. ನಿಧಾನವಾಗಿ ಇನ್ನೊಮ್ಮೆ ಓದಿದರೂ ಆದೀತು.

ಜೂನ್‌ನಲ್ಲಿ ಬಾಯಿ ಪರೀಕ್ಷೆ. ಅದರಲ್ಲಿ ಪಾಸಾದರೆ ಆಸ್ಪತ್ರೆಯಲ್ಲಿ ಎರಡು ವರ್ಷದ ತರಬೇತಿ, ಆಮೇಲೆ ಕೆಲಸ. ಫೇಲಾದರೆ ಅಲ್ಲಿಗೆ ಮುಗಿಯಿತು, ನಮ್ಮ ಕಾಲೇಜಿನಲ್ಲಿ ಎರಡನೇ ಅವಕಾಶ ಇಲ್ಲ. ನಿಮ್ಮ ದನಿ ಇರುವಾಗ ಭಯವಿಲ್ಲ.

ನಿಮ್ಮ ತಮ್ಮ

 

27 ಏಪ್ರಿಲ್ 1991

ತಮ್ಮಾ,

ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗೆ ಇದ್ದೇನೆ. ಆ ಕುರ್ಚಿಯದೇ ತಪ್ಪು. ಒಂದು ಕಾಲು ಗಿಡ್ಡ. ಬದಲಾಯಿಸಲು ಟೇಪಣ್ಣನಿಗೆ ಹೇಳಿದ್ದೇನೆ. ಸಮಯ ಸಿಕ್ಕರೆ ಹದಿನಾಲ್ಕನೆಯದನ್ನು ಇನ್ನೊಮ್ಮೆ ಓದಿ ಕಳಿಸೋಣ ಎಂದಿದ್ದೇನೆ, ನೋಡೋಣ. ಈಗ ಎಕ್ಸ್‌ಚೇಂಜಿನಲ್ಲಿ ಇಬ್ಬರು ರಜೆಯ ಮೇಲಿದ್ದಾರೆ, ಉಸಿರಾಡಲು ಪುರಸೊತ್ತಿಲ್ಲ.

ಚೆನ್ನಾಗಿ ಓದು. ಹೊಟ್ಟೆ ತುಂಬ ಊಟ ಮಾಡು. ಪರೀಕ್ಷೆಯ ದಿನ ಹೊಸ ಚಪ್ಪಲಿ ಹಾಕಬೇಡ, ಕಚ್ಚಿದರೆ ಗಮನವೆಲ್ಲ ಕಾಲಿಗೆ ಹೋಗುತ್ತದೆ.

ಅಕ್ಕ

 

21 ಜೂನ್ 1991

ಅಕ್ಕಾ,

ಬಾಯಿ ಪರೀಕ್ಷೆ ಆಯಿತು. ಫೇಲಾದೆ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಮೂವರು ಮೇಷ್ಟ್ರು ಕೂತಿದ್ದರು. ತೋಳು, ಬೆನ್ನು, ಮಂಡಿ, ಎಲ್ಲಕ್ಕೂ ಪಟಪಟ ಹೇಳಿದೆ. ಕೊನೆಗೆ ದೊಡ್ಡ ಮೇಷ್ಟ್ರು ಒಂದು ತಲೆಬುರುಡೆ ನನ್ನ ಕೈಗೆ ಕೊಟ್ಟು, ಕಿವಿಯ ತೂತಿನ ಮುಂದೆ ನನ್ನ ಬೆರಳನ್ನು ಇಡಿಸಿ ಕೇಳಿದರು.

"ಈ ಕೀಲಿನ ಹೆಸರೇನು?"

"ದವಡೆ ಕೀಲು, ಸರ್."

"ಅದು ಬೀದೀಲಿ ಕರೆಯೋ ಹೆಸರು. ಪುಸ್ತಕದ್ದು ಹೇಳು."

ಬೆರಳಿಗೆ ಅದರ ಗುಂಡಿ, ಅದರ ಗುಬುಟು, ಎಲ್ಲ ಗೊತ್ತಾಗುತ್ತಿತ್ತು. ಹೆಸರು ಮಾತ್ರ ನನ್ನಲ್ಲಿರಲಿಲ್ಲ. ಒಂಬೈನೂರು ಪುಟವನ್ನೂ ತಲೆಯಲ್ಲಿ ತಿರುವಿದೆ. ಇರಲಿಲ್ಲ. ಆಗ ಹೇಳಿದೆ, "ಪುಸ್ತಕದಲ್ಲಿ ಈ ಹೆಸರೇ ಇಲ್ಲ, ಸರ್."

ಅವರು ಅದೇ ಕೀಲಿನ ಮೇಲೆ ಇನ್ನೂ ಮೂರು ಪ್ರಶ್ನೆ ಕೇಳಿದರು. ಅದರೊಳಗಿನ ಬಿಲ್ಲೆ ಯಾವುದು, ಬಾಯಿ ತೆರೆದಾಗ ಅದು ಎತ್ತ ಜಾರುತ್ತದೆ, ಅದನ್ನು ಎಳೆಯುವ ಸ್ನಾಯು ಯಾವುದು. ನಾನು ಮೂರಕ್ಕೂ ಅದನ್ನೇ ಹೇಳಿದೆ. ಪುಸ್ತಕದಲ್ಲಿಲ್ಲ. ಕೊನೆಗೆ ಅವರು, "ಓದದೆ ಬರೋರನ್ನ ನೋಡಿದ್ದೀನಿ. ಓದದೆ ಬಂದು ಪುಸ್ತಕದ ಮೇಲೆ ಗೂಬೆ ಕೂರಿಸೋನನ್ನ ಇವತ್ತೇ ನೋಡಿದ್ದು" ಎಂದರು.

ಅಕ್ಕಾ, ಆಫೀಸಿನ ಗುಮಾಸ್ತೆ ಒಳ್ಳೆಯವರು. ಮೂವತ್ತು ದಿನದೊಳಗೆ ಮನವಿ ಕೊಡಬಹುದು ಎಂದರು. ಟೇಪು ಮಾಡಿದ ಕಡೆಯಿಂದ ಒಂದು ಪತ್ರ ಬೇಕು. ಪುಸ್ತಕದಲ್ಲಿ ಆ ಹೆಸರು ಇದೆಯೋ ಇಲ್ಲವೋ, ಟೇಪಿನಲ್ಲಿ ಇದೆಯೋ ಇಲ್ಲವೋ, ಅಷ್ಟನ್ನು ಬರೆದುಕೊಟ್ಟರೆ ಸಾಕು. ಎರಡರಲ್ಲಿ ಯಾವುದಾದರೂ ಸರಿ, ನಿಜ ಬರೆದರೆ ಸಾಕು ಎಂದು ಅವರು ಎರಡು ಸಲ ಹೇಳಿದರು. ಜುಲೈ ಇಪ್ಪತ್ತು ಕೊನೆಯ ದಿನ.

ನನ್ನ ಬದುಕು ಈಗ ನಿಮ್ಮ ನಾಲ್ಕು ಸಾಲಿನ ಮೇಲಿದೆ.

ತಮ್ಮ

 

24 ಜುಲೈ 1991

ತಮ್ಮನಿಗೆ,

ನಿನ್ನ ಪತ್ರ ಕೈಸೇರುವಷ್ಟರಲ್ಲಿ ತಡವಾಯಿತು. ಪುಸ್ತಕವನ್ನು ಗ್ರಂಥಾಲಯದವರು ಬಿಚ್ಚಿದ ಹೊಲಿಗೆ ಹಾಕಿಸಲು ಕೊಟ್ಟಿದ್ದಾರೆ, ಹಾಗಾಗಿ ತೆರೆದು ನೋಡಲಾಗಲಿಲ್ಲ. ನೋಡದೆ ಹೇಗೆ ಬರೆದುಕೊಡಲಿ, ನೀನೇ ಹೇಳು. ಪುಸ್ತಕದಲ್ಲಿದ್ದುದನ್ನು ಇದ್ದ ಹಾಗೆಯೇ ಓದಿದ್ದೇನೆ ಎಂದು ನನ್ನ ನೆನಪು.

ದೇವರು ಒಂದು ಬಾಗಿಲು ಮುಚ್ಚಿದರೆ ಹತ್ತು ತೆರೆಯುತ್ತಾನೆ. ಧೈರ್ಯವಾಗಿರು. ಆರೋಗ್ಯ ನೋಡಿಕೋ.

ಅಕ್ಕ

 

9 ಆಗಸ್ಟ್ 1991

ಮೇಡಂ ಅವರಿಗೆ,

ಪತ್ರ ಬಂತು. ನಾನೀಗ ಅಣ್ಣನ ಮನೆಯಲ್ಲಿದ್ದೇನೆ. ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತೇನೆ. ಟ್ಯೂಬಿಗೆ ಗಾಳಿ ತುಂಬಿ ಕೆನ್ನೆಯ ಹತ್ತಿರ ಹಿಡಿದರೆ ತೂತು ಎಲ್ಲಿದೆಯೆಂದು ತಿಳಿಯುತ್ತದೆ, ನೀರಿನ ಬೋಗುಣಿ ಬೇಕಿಲ್ಲ. ಗಿರಾಕಿಗಳಿಗೆ ಅದೊಂದು ಸೋಜಿಗ.

ಇಪ್ಪತ್ತೆರಡು ಟೇಪುಗಳನ್ನೂ ಗ್ರಂಥಾಲಯಕ್ಕೆ ಹಿಂತಿರುಗಿಸಿದ್ದೇನೆ. ಹದಿನಾಲ್ಕನೆಯದು ಸ್ವಲ್ಪ ಸವೆದಿದೆ. ಬಹಳ ಸಲ ಕೇಳಿದ್ದರಿಂದ.

ವಂದನೆಗಳು.

 

3 ಜನವರಿ 1992

ತಮ್ಮಾ,

ಐದು ತಿಂಗಳಾಯಿತು ನಿನ್ನ ಸುದ್ದಿಯಿಲ್ಲದೆ. ನಡುವೆ ಎರಡು ಪತ್ರ ಹಾಕಿದೆ. ಸಿಕ್ಕಿತೋ ಇಲ್ಲವೋ. ಇಲ್ಲಿ ಎಲ್ಲ ಕ್ಷೇಮ. ಗ್ರಂಥಾಲಯದ ಕುರ್ಚಿ ಬದಲಾಯಿತು.

ನಿನ್ನ ಹತ್ತಿರ ಒಂದು ಮಾತು ಹೇಳುವುದಿತ್ತು. ಈ ಪತ್ರವನ್ನು ಯಾರೋ ಓದಿ ಹೇಳುತ್ತಾರೆ ಎಂದು ನೆನೆದರೆ ಕೈ ಮುಂದೆ ಹೋಗುವುದಿಲ್ಲ. ಇನ್ನೊಮ್ಮೆ ಬರೆಯುತ್ತೇನೆ.

ಅಕ್ಕ

 

19 ಜನವರಿ 1992

(ಪೋಸ್ಟ್ ಕಾರ್ಡ್)

ಟೆಲಿಫೋನ್ ಅಕ್ಕಂಗೆ ಅವನ ಅತ್ತಿಗೆ ಮಾಡುವ ನಮಸ್ಕಾರ. ನನಗೆ ಪುಸ್ತಕದ ಹಾಗೆ ಬರೆಯೋಕೆ ಬರಲ್ಲ, ಮಾತಾಡೋ ಹಾಗೆ ಬರೀತೀನಿ. ನಿಮ್ಮ ಮೂರೂ ಪತ್ರ ಬಂದಿದೆ. ಓದ್ತೀನಿ ಕೂತ್ಕೋ ಅಂದ್ರೆ ಎದ್ದು ಹೋಗ್ತಾನೆ. ಈ ಸಲ ಬಿಡದೆ ಹಿಡ್ಕೊಂಡೆ. "ಬೇಡ ಅತ್ತಿಗೆ, ಅದರಲ್ಲಿ ಇರಬೇಕಾದ್ದು ಇರಲ್ಲ" ಅಂದ. ನನಗೇನೂ ಅರ್ಥ ಆಗ್ಲಿಲ್ಲ. ನಿಮಗೆ ಆಗುತ್ತೇನೋ. ಟೈಪ್ ಮಾಡೋ ಯಂತ್ರಕ್ಕೆ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದ್ದಾನೆ. ಮುಂಚೆ ಮನೆ ತುಂಬ ಮಾತಾಡೋನು, ಈಗ ಕೇಳಿದ್ದಕ್ಕೆ ಉತ್ತರ, ಅಷ್ಟೇ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ.

 

18 ಅಕ್ಟೋಬರ್ 1992

ತಮ್ಮಾ,

ಈ ಪತ್ರವನ್ನು ಯಾರ ಕೈಗೂ ಕೊಡಬೇಡ. ನಿನ್ನ ಬೆರಳೇ ಓದಲಿ.

ಬ್ರೈಲ್ ಕಲಿಯಲು ನನಗೆ ಎಂಟು ತಿಂಗಳು ಬೇಕಾಯಿತು. ಅಂಧರ ಶಾಲೆಯ ಟೀಚರು ಭಾನುವಾರ ಹೇಳಿಕೊಟ್ಟರು. ಬಲದಿಂದ ಎಡಕ್ಕೆ ಚುಚ್ಚಿ, ಹಾಳೆ ಮಗುಚಿ, ಎಡದಿಂದ ಬಲಕ್ಕೆ ಓದಬೇಕು. ನಲವತ್ತು ದಾಟಿದ ಬುದ್ಧಿಗೆ ಅದು ಸುಲಭವಲ್ಲ. ಈ ಹಾಳೆಯಲ್ಲಿ ತಪ್ಪು ಚುಕ್ಕಿ ಎಷ್ಟಿವೆಯೋ, ತಡವಿ ತಿಳಿದುಕೋ.

ಆ ಹೆಸರು ಪುಸ್ತಕದಲ್ಲಿದೆ. ಐನೂರ ಅರವತ್ತೇಳನೆಯ ಪುಟದಿಂದ ಐನೂರ ಎಪ್ಪತ್ತನೆಯ ಪುಟದವರೆಗೆ ಹನ್ನೊಂದು ವಾಕ್ಯಗಳಲ್ಲಿ ಇದೆ. ಆ ಹನ್ನೊಂದು ವಾಕ್ಯಗಳನ್ನೂ ನಾನು ಓದಲಿಲ್ಲ. ಬಿಟ್ಟೆ.

ಮೊದಲ ವಾಕ್ಯಕ್ಕೆ ಬಂದಾಗ ನಾಲಿಗೆ ಎಡವಿತು. ಮತ್ತೆ ಓದಿದೆ, ಮತ್ತೆ ಎಡವಿತು. ಆರು ಸಲ. ಗಾಜಿನಾಚೆ ಟೇಪಣ್ಣ ನಕ್ಕು, "ಏನಮ್ಮ, ನಿಮ್ಮ ರೈಲೂ ಹಳಿ ತಪ್ಪುತ್ತಾ?" ಅಂದರು. ತಮಾಷೆಗೆ ಅಂದದ್ದು. ನನ್ನ ಕೈಚೀಲದಲ್ಲಿ ನಿನ್ನ ಮೊದಲ ಪತ್ರ ಇತ್ತು, ಒಂದೇ ಒಂದು ತಡವರಿಕೆ ಇಲ್ಲ ಎಂದು ನೀನು ಬರೆದದ್ದು. ನಾಳೆ ಯಾರನ್ನಾದರೂ ಕೇಳಿ ಬಂದು ತುಂಬಿಸೋಣ ಎಂದುಕೊಂಡು ಆ ವಾಕ್ಯ ದಾಟಿದೆ. ಒಂದನ್ನು ದಾಟಿದ ಮೇಲೆ ಎರಡನೆಯದು ಸಲೀಸು. ಅಕ್ಷರ ಬಿಡಿಸಿ ಹೇಳಬಹುದಿತ್ತು. ನಿಯಮವೇ ಇತ್ತು. ಆದರೆ ಅಕ್ಷರ ಬಿಡಿಸಿದರೆ ಈ ಅಕ್ಕನಿಗೆ ಇದು ಗೊತ್ತಿಲ್ಲ ಎಂದು ನಿನಗೆ ತಿಳಿಯುತ್ತದಲ್ಲ. ದಿನಕ್ಕೆ ಮುನ್ನೂರು ಜನರಿಗೆ ಸಂಪರ್ಕ ಕೊಡುವವಳು ನಾನು, ಅದರಲ್ಲಿ ನಾಲ್ಕು ಆಸ್ಪತ್ರೆಗಳಿವೆ. ಒಂದು ಪದ ಕೇಳಲು ಒಂದು ಕರೆ ಮಾಡಲಿಲ್ಲ.

ಕುರ್ಚಿ ಕಿರುಗುಟ್ಟುತ್ತದೆ ಎಂದು ನೀನು ಬರೆದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಆಗಲೂ ಹೇಳಬಹುದಿತ್ತು. ಆದರೆ ಅದಾವುದೂ ದೊಡ್ಡ ತಪ್ಪಲ್ಲ, ತಮ್ಮಾ. ದೊಡ್ಡದು ಜುಲೈ ತಿಂಗಳದು. ನಿನ್ನ ಪತ್ರ ಜೂನ್ ಇಪ್ಪತ್ತಾರಕ್ಕೇ ನನ್ನ ಕೈಗೆ ಬಂದಿತ್ತು. ಪುಸ್ತಕ ಹೊಲಿಗೆಗೆ ಹೋಗಿರಲಿಲ್ಲ, ನನ್ನ ಮೇಜಿನ ಮೇಲೇ ಇತ್ತು. ಪುಸ್ತಕದಲ್ಲಿದೆ, ನಾನು ಓದಲಿಲ್ಲ, ಹುಡುಗನದು ತಪ್ಪಿಲ್ಲ. ಇಷ್ಟು ಬರೆದಿದ್ದರೆ ಸಾಕಿತ್ತು. ಪ್ರತಿದಿನ ಹಾಳೆ ತೆಗೆದು ಇಡುತ್ತಿದ್ದೆ. ಗ್ರಂಥಾಲಯಕ್ಕೆ ಗೊತ್ತಾಗುತ್ತದೆ, ಟೇಪಣ್ಣನಿಗೆ ಗೊತ್ತಾಗುತ್ತದೆ, ಎಲ್ಲಕ್ಕಿಂತ ನಿನಗೆ ಗೊತ್ತಾಗುತ್ತದೆ. ಇಪ್ಪತ್ತನೇ ತಾರೀಖು ದಾಟುವುದನ್ನು ನಾನು ಗೋಡೆಯ ಕ್ಯಾಲೆಂಡರಿನಲ್ಲಿ ನೋಡುತ್ತಾ ಕೂತಿದ್ದೆ. ದಾಟಿದ ದಿನ ನನಗೆ ಸಮಾಧಾನವಾಯಿತು. ಇದನ್ನು ನಿನಗೆ ಹೇಳದೆ ಸತ್ತರೆ ನನಗೆ ಮುಕ್ತಿಯಿಲ್ಲ.

ಆ ಪದ ನನಗೆ ಹೇಗೆ ಸಿಕ್ಕಿತು ಎಂದು ಕೇಳು. ಹೋದ ವರ್ಷದ ಕೊನೆಯಿಂದ ಕಿವಿಯ ಮುಂದೆ ನೋವು. ಅನ್ನ ಅಗಿಯಲು ಕಷ್ಟ. ಹಲ್ಲು ಎಂದುಕೊಂಡು ಈ ಫೆಬ್ರವರಿಯಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಎರಡೂ ಕಿವಿಯ ಮುಂದೆ ಬೆರಳಿಟ್ಟು, "ಬಾಯಿ ತೆಗೀರಿ. ಮುಚ್ಚಿ. ಹಲ್ಲಲ್ಲ ಇದು, ಕೀಲು. ರಾತ್ರಿ ಹಲ್ಲು ಕಚ್ಚಿಕೊಂಡು ಮಲಗ್ತೀರಾ?" ಎಂದು ಕೇಳಿ, ಆ ಕೀಲಿನ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದರು. ನೀರು ಕುಡಿದ ಹಾಗೆ.

"ಇನ್ನೊಂದ್ಸಲ ಹೇಳಿ ಡಾಕ್ಟ್ರೇ."

"ಯಾಕಮ್ಮ, ಭಯ ಆಯ್ತಾ? ಹೆಸರು ಉದ್ದ, ಕಾಯಿಲೆ ಗಿಡ್ಡ."

"ಭಯ ಅಲ್ಲ. ನನಗದನ್ನ ಹೇಳೋಕೆ ಬರ್ಬೇಕು."

ಅವರು ನನ್ನನ್ನೊಮ್ಮೆ ನೋಡಿ, ಔಷಧಿ ಚೀಟಿಯ ಹಿಂದೆ ಅದನ್ನು ತುಂಡು ತುಂಡಾಗಿ ಬರೆದರು. ಟೆಂಪೊರೊ ಎಂದರೆ ಕಣತಲೆಯದು. ಮ್ಯಾಂಡಿಬ್ಯುಲ್ ಎಂದರೆ ಕೆಳದವಡೆ. ಕೊನೆಯ ಅರ್ ಎಂದರೆ ಅದಕ್ಕೆ ಸೇರಿದ್ದು ಎಂದರ್ಥ, ಬರೀ ವಿಶೇಷಣದ ಬಾಲ. "ನಡುವೆ ಒಂದು ಓ ಇದೆಯಲ್ಲ, ಅದು ಎರಡು ಮನೇನ ಬೆಸೆಯುತ್ತೆ. ಮೇಲಿನ ಮನೆ, ಕೆಳಗಿನ ಮನೆ, ಈಗ ಬೀಗರು. ಅಷ್ಟೇ ಈ ಪದ" ಎಂದರು. ಆಮೇಲೆ ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸಿದರು. ಟೆಂ, ಪೊ, ರೊ, ಮ್ಯಾನ್, ಡಿ, ಬ್ಯು, ಲರ್. ಏಳು ಬಡಿತ. "ನೀವು ಏಳಕ್ಕೂ ಒಂದೇ ಸಮ ಮರ್ಯಾದೆ ಕೊಡ್ತಿದ್ದೀರಿ, ಅದಕ್ಕೇ ನಾಲಿಗೆ ಸುಸ್ತಾಗುತ್ತೆ. ಮೊದಲನೇದರ ಮೇಲೆ ಹಗುರವಾಗಿ ಕಾಲಿಡಿ. ಐದನೇದರ ಮೇಲೆ, ಡಿ ಮೇಲೆ, ಭಾರ ಹಾಕಿ. ಉಳಿದದ್ದು ತಾನೇ ಉರುಳುತ್ತೆ." ಉರುಳಿತು. ಮೂರನೇ ಸಲಕ್ಕೆ ನನ್ನ ಬಾಯಲ್ಲಿ ಅದು ಉರುಳಿಬಿಟ್ಟಿತು. ಡಾಕ್ಟರು ಭೇಷ್ ಎಂದರು. ನಾನು ಅವರ ಕುರ್ಚಿಯಲ್ಲೇ ಕೂತು ಅತ್ತೆ. ನೋವು ಜಾಸ್ತಿಯಾಯಿತೆಂದು ತಿಳಿದು ಅವರು ಗಾಬರಿಯಾದರು.

ಹತ್ತು ನಿಮಿಷದ ಕೆಲಸ ಅದು. ಹತ್ತು ನಿಮಿಷ ನಾಚಿಕೆ ಬಿಟ್ಟಿದ್ದರೆ ನೀನು ಇವತ್ತು ಆಸ್ಪತ್ರೆಯಲ್ಲಿ ಇರುತ್ತಿದ್ದೆ.

ನಿನ್ನ ಕಾಲೇಜಿಗೆ ಎಲ್ಲವನ್ನೂ ಒಪ್ಪಿಕೊಂಡು ಸೆಪ್ಟೆಂಬರಿನಲ್ಲಿ ಬರೆದೆ. ಮನವಿಯ ಅವಧಿ ಮುಗಿದು ವರ್ಷವಾಗಿದೆ, ಏನೂ ಮಾಡಲಾಗದು ಎಂದು ಎರಡು ಸಾಲಿನ ಉತ್ತರ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಈಗ ನಿಯಮದ ಪ್ರಕಾರ, ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಈ ಕೆಳಗೆ ಚುಚ್ಚಿದ್ದೇನೆ. ಟಿ ಇ ಎಂ ಪಿ ಓ ಆರ್ ಓ ಎಂ ಎ ಎನ್ ಡಿ ಐ ಬಿ ಯು ಎಲ್ ಎ ಆರ್. ಹದಿನೇಳು ಅಕ್ಷರ. ಅದು ನಿನಗೆ ಸೇರಬೇಕಾಗಿದ್ದದ್ದು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಅಕ್ಕ

 

6 ನವೆಂಬರ್ 1992

ಅಕ್ಕಾ,

ಅಟ್ಟದಿಂದ ಟೈಪ್‌ರೈಟರ್ ಇಳಿಸಲು ಅತ್ತಿಗೆಗೆ ಹೇಳಿದೆ. "ಯಾರಿಗೆ ಬರೀತಿ?" ಎಂದಳು. "ಅಕ್ಕನಿಗೆ" ಎಂದೆ. ಬೇರೆ ಏನೂ ಕೇಳದೆ ಧೂಳು ಒರೆಸಿ ಕೊಟ್ಟಳು.

ನಿಮ್ಮ ಪತ್ರದಲ್ಲಿ ನಲವತ್ತಾರು ತಪ್ಪು ಚುಕ್ಕಿಗಳಿವೆ. ಮೂರು ಕಡೆ ಹಾಳೆ ಹರಿದಿದೆ, ಕಡ್ಡಿಯನ್ನು ಅಷ್ಟು ಜೋರಾಗಿ ಒತ್ತಬಾರದು. ಅಂಗಡಿಯ ಹಿಂದೆ ಟೈರು ರಾಶಿಯ ಮೇಲೆ ಕೂತು ಓದಿದೆ. ಹದಿನೇಳು ಅಕ್ಷರಗಳ ಮೇಲೆ ಬೆರಳನ್ನು ಎಷ್ಟು ಸಲ ಓಡಿಸಿದೆನೋ ಲೆಕ್ಕವಿಲ್ಲ. ಅದರಲ್ಲಿ ಒಂದೂ ತಪ್ಪಿಲ್ಲ.

ನನಗೆ ಸಿಟ್ಟು ಬಂದಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಸುಳ್ಳು ಹೇಳಲಾರೆ. ಇಪ್ಪತ್ತನೇ ತಾರೀಖಿನವರೆಗೆ ನಾನು ದಿನವೂ ಅಂಚೆಯವನ ಸೈಕಲ್ ಗಂಟೆಗೆ ಕಾಯುತ್ತಿದ್ದೆ. ನಿಮಗೆ ಸಮಾಧಾನವಾದ ದಿನ ನಾನು ಪೆಟ್ಟಿಗೆ ಕಟ್ಟುತ್ತಿದ್ದೆ.

ಆದರೆ ನೀವು ನಿಜ ಹೇಳಿದ ಮೇಲೆ ನಾನೂ ಹೇಳಬೇಕು. ಏಪ್ರಿಲ್‌ನಲ್ಲೇ ನನಗೆ ಗೊತ್ತಾಗಿತ್ತು. ಯಾರು ಏನು ಓದಿದರೂ ಬಿಟ್ಟ ಜಾಗ ನನಗೆ ತಿಳಿಯುತ್ತದೆ. ಅತ್ತಿಗೆ ಬಂಧುಗಳ ಪತ್ರ ಓದುವಾಗ ತನ್ನನ್ನು ಬೈದ ಸಾಲು ದಾಟಿಸುತ್ತಾಳೆ, ಉಸಿರು ಬದಲಾಗುತ್ತದೆ. ಹದಿನಾಲ್ಕನೇ ಟೇಪಿನಲ್ಲಿ ಹನ್ನೊಂದು ಸಲ ನಿಮ್ಮ ಉಸಿರು ಬದಲಾಯಿತು. ಕೋಣೆಯ ಗೆಳೆಯನಿಗೆ ಒಂದು ಕಣ್ಣು ಅಷ್ಟಿಷ್ಟು ಕಾಣುತ್ತದೆ. ಕಾಲೇಜಿನ ಪುಸ್ತಕ ತಂದು ಇಲ್ಲೇನಿದೆ ನೋಡು ಎಂದರೆ ಐದು ನಿಮಿಷದ ಕೆಲಸ. ಹೇಳಲಿಲ್ಲ. ಅಕ್ಕನ ಓದನ್ನು ಇನ್ನೊಬ್ಬನ ಕೈಲಿ ತೂಗಿ ನೋಡಿದ ಹಾಗಾಗುತ್ತದೆ ಎನ್ನಿಸಿತು. ನಿಮ್ಮನ್ನೇ ಕೇಳಲು ಭಯ. ಕೆಮ್ಮಿನ ಗುಮಾಸ್ತರು ಹೋದ ಹಾಗೆ ನೀವೂ ಹೋದರೆ? ಅದಕ್ಕೇ ಕುರ್ಚಿಯ ಮೇಲೆ ಹಾಕಿ ಬರೆದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ನೀವೂ ಕುರ್ಚಿಯ ಮೇಲೇ ಹಾಕಿದಿರಿ. ಪರೀಕ್ಷೆಯ ಕೋಣೆಯಲ್ಲಿ ಪುಸ್ತಕದಲ್ಲಿಲ್ಲ ಎಂದು ನಾಲ್ಕು ಸಲ ಹೇಳಿದಾಗ ನನ್ನ ಕಿವಿಯಲ್ಲಿ ನಿಮ್ಮ ಆ ನಿಟ್ಟುಸಿರೇ ಇತ್ತು. ಗೊತ್ತಿಲ್ಲ ಸರ್ ಎಂದಿದ್ದರೆ ಒಂದು ಪ್ರಶ್ನೆಗೆ ಅಂಕ ಹೋಗುತ್ತಿತ್ತು, ಅಷ್ಟೇ. ನಿಮ್ಮನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಇದಕ್ಕಿಂತ ಕೆಟ್ಟದ್ದು ಮುಂದಿದೆ. ಸಿಟ್ಟಿನಲ್ಲಿ ಟೇಪುಗಳನ್ನು ಹಿಂತಿರುಗಿಸಿದಾಗ, ಹದಿನಾಲ್ಕನೆಯದರಲ್ಲಿ ಹನ್ನೊಂದು ವಾಕ್ಯ ಇಲ್ಲ ಎಂದು ಒಂದು ಚೀಟಿ ಇಡಬಹುದಿತ್ತು. ಸವೆದಿದೆ ಎಂದು ನಿಮ್ಮನ್ನು ಚುಚ್ಚಲು ಬರೆದೆನೇ ಹೊರತು ಚೀಟಿ ಇಡಲಿಲ್ಲ. ಆ ಟೇಪು ಈಗ ನನ್ನ ನಂತರದ ತಂಡದ ಹುಡುಗಿಯೊಬ್ಬಳ ಕೈಗೆ ಹೋಗಿದೆ. ಈ ವರ್ಷ ಬಾಯಿ ಪರೀಕ್ಷೆ ಅಕ್ಟೋಬರಿಗೆ ಬಿತ್ತು. ಕೋಣೆಯ ಗೆಳೆಯ ಬರೆದಿದ್ದಾನೆ. ಅದೇ ಬುರುಡೆ, ಅದೇ ಕೀಲು. ಅವಳೂ ಪುಸ್ತಕದಲ್ಲಿಲ್ಲ ಅಂದಳಂತೆ. ನನಗೆ ನಿಮ್ಮ ಮೇಲೆ ಸಿಟ್ಟು, ಪೆಟ್ಟು ತಿಂದವಳು ಅವಳು.

ಅವಳ ಫಲಿತಾಂಶ ಬಂದದ್ದು ಅಕ್ಟೋಬರ್ ಇಪ್ಪತ್ತಾರಕ್ಕೆ. ಮೂವತ್ತು ದಿನದಲ್ಲಿ ಹನ್ನೊಂದು ಆಗಲೇ ಹೋಗಿವೆ. ನನಗಾಗಿ ಇನ್ನೇನೂ ಮಾಡಬೇಡಿ, ಅದು ಮುಗಿಯಿತು. ನಾನು ಕೇಳಿದ್ದ ಆ ನಾಲ್ಕು ಸಾಲನ್ನು ಅವಳಿಗೆ ಬರೆದುಕೊಡಿ. ಹದಿನಾಲ್ಕನೇ ಟೇಪನ್ನು ಮತ್ತೆ ಓದಿ.

ಓದುವಾಗ ಒಂದು ಕೆಲಸ ಮಾಡಿ. ಎರಡು ಬೆರಳನ್ನು ಕಿವಿಯ ಮುಂದೆ ಇಟ್ಟುಕೊಂಡು ಆ ಪದ ಹೇಳಿ. ನಿಮ್ಮ ಡಾಕ್ಟರು ಭಾರ ಹಾಕಿ ಎಂದರಲ್ಲ, ಆ ಐದನೇ ಬಡಿತದ ಹೊತ್ತಿಗೆ ಬೆರಳಿನ ಕೆಳಗೆ ಏನೋ ಅಲುಗುತ್ತದೆ. ಅದೇ ಆ ಕೀಲು. ನಾನು ಟೈರಿನ ಮೇಲೆ ಕೂತು ಹೇಳಿ ನೋಡಿದೆ. ಪರೀಕ್ಷೆಯ ದಿನವೂ ಅದು ಹೀಗೇ ಅಲುಗುತ್ತಿತ್ತು, ಪುಸ್ತಕದಲ್ಲಿಲ್ಲ ಎನ್ನುವಾಗ.

ತಮ್ಮ

 

17 ನವೆಂಬರ್ 1992

ತಮ್ಮಾ,

ಅಂಚೆಯನ್ನು ನಂಬಲಿಲ್ಲ. ಪುಸ್ತಕ, ಗ್ರಂಥಾಲಯದಲ್ಲಿದ್ದ ಹಳೆಯ ಟೇಪಿನ ಮೂಲ ಪ್ರತಿ, ಎರಡನ್ನೂ ಚೀಲಕ್ಕೆ ಹಾಕಿಕೊಂಡು ರಜೆ ಬರೆದು ರೈಲು ಹತ್ತಿದೆ. ನಿನ್ನೆ ಬೆಳಗ್ಗೆ ನಿನ್ನ ಕಾಲೇಜಿನ ಆಫೀಸಿನಲ್ಲಿದ್ದೆ.

ದೊಡ್ಡ ಮೇಷ್ಟ್ರ ಎದುರು ಟೇಪು ಹಾಕಿಸಿದೆ. ಅವರು ಪುಸ್ತಕ ತೆರೆದುಕೊಂಡು ಬೆರಳಿಟ್ಟು ಕೇಳಿದರು. ಪ್ರತಿ ಸಲ ವಾಕ್ಯ ಹಾರಿದಾಗ ಅವರ ಬೆರಳು ನಿಲ್ಲುತ್ತಿತ್ತು. ಹನ್ನೊಂದು ಸಲ. ಆಮೇಲೆ ಅವರು, "ಇಷ್ಟು ಚೆನ್ನಾಗಿ ಓದೋರು ಇದನ್ನ ಯಾಕಮ್ಮ ಬಿಟ್ರಿ?" ಎಂದು ಕೇಳಿದರು. "ಚೆನ್ನಾಗಿ ಓದ್ತಾಳೆ ಅಂತ ಒಬ್ಬ ಅಂದಿದ್ದ, ಅದಕ್ಕೆ" ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ. ಬಿಟ್ಟ ವಾಕ್ಯಗಳನ್ನು ಅಲ್ಲೇ ಓದಿ ತೋರಿಸಿ ಎಂದರು. ನೀನು ಹೇಳಿದ ಹಾಗೆ ಕಿವಿಯ ಮುಂದೆ ಬೆರಳಿಟ್ಟುಕೊಂಡು ಓದಿದೆ. ಬಾಗಿಲ ಹತ್ತಿರ ಬೆಂಚಿನ ಮೇಲೆ ಆ ಹುಡುಗಿ ಕೂತಿದ್ದಳು. ಪ್ರತಿ ವಾಕ್ಯಕ್ಕೂ ಅವಳ ತುಟಿ ನನ್ನ ಜೊತೆ ಅಲುಗುತ್ತಿತ್ತು.

ಡಿಸೆಂಬರ್ ಎರಡಕ್ಕೆ ಅವಳಿಗೆ ಮರುಪರೀಕ್ಷೆ.

ನಿನ್ನ ಬಗ್ಗೆಯೂ ಕೇಳಿದೆ. ಬೇಡ ಎಂದಿದ್ದೆ ನೀನು, ಆದರೂ ಕೇಳಿದೆ. ಮೇಷ್ಟ್ರು ಪುಸ್ತಕ ಮುಚ್ಚಿಟ್ಟು, "ನಾನವತ್ತು ಆಡಿದ ಮಾತು ಆಡಬಾರದಿತ್ತು, ಅವನಿಗೆ ಹೇಳಿ" ಎಂದರು. ಅವಧಿ ಮಾತ್ರ ಅವರ ಕೈಯಲ್ಲಿಲ್ಲವಂತೆ. ಆಡಿದ ಮಾತಿಗೆ ಅವರು, ಆಡದ ಮಾತಿಗೆ ನಾನು. ನಡುವೆ ನಿನ್ನ ಎರಡು ವರ್ಷ.

ಇದರ ಜೊತೆ ಹೊಸ ಹದಿನಾಲ್ಕನೇ ಟೇಪು ಕಳಿಸುತ್ತಿದ್ದೇನೆ. ಅವಳಿಗೊಂದು ಪ್ರತಿ, ಗ್ರಂಥಾಲಯಕ್ಕೊಂದು, ನಿನಗೊಂದು. ನಿನಗೆ ಈಗ ಇದು ಯಾವ ಕೆಲಸಕ್ಕೂ ಬಾರದು ಎಂದು ನನಗೆ ಗೊತ್ತು. ಒಂಬತ್ತನೇ ವಾಕ್ಯದಲ್ಲಿ ನಾಲಿಗೆ ತಡವರಿಸಿತು. ಟೇಪಣ್ಣ ಅಳಿಸಲೇ ಎಂದು ಕೈಸನ್ನೆ ಮಾಡಿದರು, ಬೇಡ ಎಂದೆ. ತಡವರಿಸಿ, ಹದಿನೇಳು ಅಕ್ಷರ ಬಿಡಿಸಿ ಹೇಳಿ, ಮತ್ತೆ ಓದಿದ್ದೇನೆ.

ಕೊನೆಗೆ ಒಂದು ಕಡೆ ನೀರು ಕುಡಿಯಲು ನಿಲ್ಲಿಸಿದ್ದೇನೆ. ಅಲ್ಲಿ ಈ ಹೊಸ ಕುರ್ಚಿಯೂ ಕಿರುಗುಟ್ಟುವುದು ಕೇಳಿಸುತ್ತದೆ. ಅದು ಕುರ್ಚಿಯೇ, ತಮ್ಮಾ. ಅಲ್ಲಿ ಏನನ್ನೂ ಬಿಟ್ಟಿಲ್ಲ.

ಅಕ್ಕ